ಕುದುರೆ ಸವಾರರ ಪೆನ್ಸಿಲ್ ಸ್ಕೆಚ್: ವೀರಗಲ್ಲುಗಳನ್ನು ಓದಲು ಒಂದು ವಿಧಾನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ವೀರಗಲ್ಲುಗಳು ಅಧ್ಯಯನಕ್ಕೆ ಒದಗಿದ್ದು ಬಹುಮಟ್ಟಿಗೆ ಶಾಸನಪಾಠಗಳಾಗಿ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲೂ ಅಕ್ಷರಕ್ಕೇ ಪ್ರಾಧಾನ್ಯ. ಹೀಗಾಗಿ ಕಲ್ಲಿನ ಮೇಲೆ ಕೆತ್ತಿದ ಕುದುರೆ ಸವಾರ ಓದುಗರ ಕಣ್ಣಿಗೆ ಬೀಳುವುದು ಕಡಿಮೆ. ಬರಹವೇ ಇಲ್ಲದ ಕಲ್ಲಂತೂ ಪೂರ್ತಿ ಹೊರಗುಳಿಯುತ್ತದೆ. ಇಂಪ್ರೆಷನಿಸ್ಟ್ ಶೈಲಿಯ ಬಿಡುಬೀಸಾದ ಪೆನ್ಸಿಲ್ ಸ್ಕೆಚ್ ಈ ಕೊರತೆಯನ್ನು ತುಂಬಬಲ್ಲದು ಎಂಬುದು ಪ್ರಸ್ತುತ ಲೇಖನದ ವಾದ.

ಇಂಥ ಸ್ಕೆಚ್ಚಿನಲ್ಲಿ ಮೊದಲು ಗಮನಿಸಬೇಕಾದದ್ದು ಸವಾರನ ತೊಡೆ ಕುದುರೆಯ ಪಕ್ಕೆಗೆ ತಾಗುವ ಜಾಗ. ನುರಿತ ಕೈ ಅಲ್ಲಿ ಎರಡು ಮೈಗಳನ್ನು ಬೇರೆ ಬೇರೆ ಬರೆಯುವುದಿಲ್ಲ. ಸವಾರನ ಬೆನ್ನಿನಿಂದ ಇಳಿದ ಗೆರೆಯೇ ಕುದುರೆಯ ಹೊಟ್ಟೆಯತ್ತ ಹರಿಯುತ್ತದೆ. ಭಾರ ಬೀಳುವಲ್ಲಿ ಪೆನ್ಸಿಲ್ ಒತ್ತಿ ಗಾಢವಾಗುತ್ತದೆ. ಗೊರಸು ನೆಲ ಬಿಡುವಲ್ಲಿ ಗೆರೆಯೇ ಕಡಿದುಹೋಗುತ್ತದೆ. ಲಾಂಗ್‌ಶಾಂ ಪಂದ್ಯದ ಕುದುರೆಗಳನ್ನು ಚಿತ್ರಿಸಿದ ಎಡ್ಗರ್ ಡೆಗಾ (1834–1917) ಈ ಸಂಯಮಕ್ಕೆ ಒಳ್ಳೆಯ ನಿದರ್ಶನ. ನಮ್ಮಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತ ಕೆ.ಕೆ. ಹೆಬ್ಬಾರರು (1911–1996) ಒಂದೇ ಗೆರೆಯಲ್ಲಿ ಚಲನೆ ಹಿಡಿಯುವುದನ್ನು ತೋರಿಸಿಕೊಟ್ಟರು.

ಕೆಲವೇ ಗೆರೆಗಳಲ್ಲಿ ಚಲನೆ ಹಿಡಿಯುವ ಈ ಸಮಸ್ಯೆಯನ್ನು ವೀರಗಲ್ಲಿನ ಶಿಲ್ಪಿಯೂ ಎದುರಿಸಿದವನು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗಪೂಜೆ. ಕುದುರೆಗೆ ಸಿಗುವುದು ಕೆಳಗಿನ ಗೇಣುದ್ದದ ಜಾಗ ಮಾತ್ರ. ಅಷ್ಟರಲ್ಲಿ ಎತ್ತಿದ ಮುಂಗಾಲು, ಬಿಗಿದ ಲಗಾಮು, ಮೇಲೆತ್ತಿದ ಕತ್ತಿ ಇವಿಷ್ಟನ್ನೇ ಆರಿಸಿ ಉಳಿದುದನ್ನು ಆತ ಬಿಟ್ಟ. ನಾಗಾಲೋಟದಲ್ಲಿ ನಾಲ್ಕೂ ಗೊರಸು ನೆಲ ಬಿಟ್ಟಾಗ ಕಾಲುಗಳು ಹೊಟ್ಟೆಯಡಿ ಮಡಚಿರುತ್ತವೆ ಎಂದು 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್‌ನ ಚಿತ್ರಗಳು ತೋರಿಸಿದವು. ಆ ಅಳತೆಗೋಲಿನಿಂದ ಶಿಲ್ಪಿಯನ್ನು ತಪ್ಪುಗಾರನೆನ್ನುವುದು ಸಲ್ಲದು. ಅವನ ಗುರಿ ವೀರನ ಆವೇಶ.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಛಾಯಾಚಿತ್ರ ಮತ್ತು ಪಡಿಯಚ್ಚಿನ ಜೊತೆಗೆ ಓರೆಬಿಸಿಲಿನಲ್ಲಿ ಮಾಡಿದ ಸ್ಕೆಚ್ ಕೂಡ ದಾಖಲಾಗಬೇಕು. ಸವೆದ ಕಲ್ಲಿನ ಮುಂದೆ ಕೂತು ಗೆರೆ ಎಳೆಯುವಾಗ ಯಾವುದು ಉಳಿಯಿತು, ಯಾವುದು ಊಹೆ ಎಂದು ಕೈಯೇ ತೀರ್ಮಾನಿಸಬೇಕಾಗುತ್ತದೆ. ಖಚಿತವಾದುದಕ್ಕೆ ಗಾಢ ಗೆರೆ, ಊಹೆಗೆ ತೆಳು ಗೆರೆ ಎಂಬ ನಿಯಮವಿಟ್ಟುಕೊಂಡರೆ ಸ್ಕೆಚ್ ಪ್ರಮಾಣವಾಗಿಯೂ ನಿಲ್ಲುತ್ತದೆ. ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಎಚ್.ಡಿ. ಕೋಟೆ ತಾಲ್ಲೂಕಿನ ಕಿತ್ತೂರು ಕಬಿನಿ ಜಲಾಶಯದಲ್ಲಿ ಮುಳುಗಿದ ಮೇಲೆ ಈ ಕೆಲಸದ ತುರ್ತನ್ನು ಬೇರೆ ಹೇಳಬೇಕಿಲ್ಲ. ಬರಹವಿಲ್ಲದ ಕಲ್ಲುಗಳಿಂದಲೇ ಇದು ಆರಂಭವಾಗಲಿ.