ಖಾಕಿಯ ಪರವಾಗಿ ಕರಿಕೋಟು

ಪೊಲೀಸರಿಗೆ ವಕೀಲರೇಕೆ ಎಂದು ನೀವು ಕೇಳಬಹುದು. ಸರಕಾರಿ ವಕೀಲರು ಇದ್ದೇ ಇದ್ದಾರಲ್ಲ ಎಂದೂ ಅನ್ನಬಹುದು. ಆದರೆ ಅವರು ಸರಕಾರದ ವಕೀಲರು. ಠಾಣೆಯ ಪೇದೆಯೊಬ್ಬನನ್ನು ಅದೇ ಸರಕಾರ ಅಮಾನತಿನಲ್ಲಿಟ್ಟಿತೆನ್ನಿ, ಬಡ್ತಿ ತಡೆಯಿತೆನ್ನಿ, ನೌಕರಿಯಿಂದ ವಜಾ ಮಾಡಿತೆನ್ನಿ. ಆಗ ಆ ವಕೀಲರು ಎದುರುಪಕ್ಷದಲ್ಲಿ ನಿಂತಿರುತ್ತಾರೆ. ನಿನ್ನೆಯವರೆಗೆ ಆರೋಪಿಗಳನ್ನು ಕೋರ್ಟಿಗೆ ಕರೆತರುತ್ತಿದ್ದ ಮನುಷ್ಯ ಇಂದು ತಾನೇ ಒಂದು ವಕಾಲತ್ತಿಗೆ ಸಹಿ ಹಾಕಬೇಕು. ಪೊಲೀಸ್ ನೌಕರರ ಪರವಾಗಿ ಸೇವಾ ವಿಷಯದ ವ್ಯಾಜ್ಯ ನಡೆಸುವ ವಕೀಲರ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಇದರ ಇತಿಹಾಸವನ್ನು ಭಟ್ಕಳ, ಹೊನ್ನಾವರ, ಕುಮಟಾ ಎಂಬ ಕರಾವಳಿಯ ಮೂರು ಊರುಗಳಿಂದ ನೋಡೋಣ.

ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಇಲ್ಲಿಯವರ ಕಾನೂನಿನ ದಾರಿ ಮುಂಬಯಿಯತ್ತ ತಿರುಗಿತು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಊರಿನ ಮಗನೇ ಆ ಪೀಠದಲ್ಲಿ ಕುಳಿತದ್ದು ಹೆಮ್ಮೆಯ ಸಂಗತಿ, ನಿಜ. ಆದರೆ ಹೊನ್ನಾವರ ಠಾಣೆಯ ಸಿಪಾಯಿಗೆ ಅದರಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ. ಅಂದಿನ ಕಾನೂನಿನಲ್ಲಿ ಸರಕಾರಿ ನೌಕರಿಯೆಂದರೆ ದೊರೆಯ ಮರ್ಜಿ ಇರುವಷ್ಟು ದಿನದ ನೌಕರಿ. ಮೇಲಧಿಕಾರಿಗೆ ಅರ್ಜಿ ಬರೆಯಬಹುದು, ಮತ್ತೆ ಬರೆಯಬಹುದು, ಅಷ್ಟೆ.

1950ರಲ್ಲಿ ಸಂವಿಧಾನ ಈ ಮರ್ಜಿಗೆ ಕಡಿವಾಣ ಹಾಕಿತು. 311ನೇ ವಿಧಿ ಎರಡು ಮಾತು ಹೇಳುತ್ತದೆ. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ನೌಕರನನ್ನು ವಜಾ ಮಾಡುವಂತಿಲ್ಲ. ಆರೋಪವನ್ನು ತಿಳಿಸಿ, ಉತ್ತರಿಸಲು ತಕ್ಕ ಅವಕಾಶ ಕೊಡದೆಯೂ ವಜಾ ಮಾಡುವಂತಿಲ್ಲ. ಇದಕ್ಕೆ ಅಪವಾದಗಳುಂಟು, 1985ರ ತುಳಸೀರಾಮ್ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಅಪವಾದಗಳನ್ನು ಎತ್ತಿಹಿಡಿಯಿತು. ಆದರೂ ಸೇವಾ ವಕೀಲರ ಇಡೀ ವೃತ್ತಿ ಬೆಳೆದದ್ದು ಈ ಎರಡು ಮಾತುಗಳ ಮೇಲೆಯೇ. ಪೊಲೀಸರ ವ್ಯಾಜ್ಯಗಳು ಈ ಕಾನೂನಿಗೆ ರೂಪ ಕೊಟ್ಟಿವೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. 1960ರಲ್ಲಿ ಉತ್ತರ ಪ್ರದೇಶದ ಒಬ್ಬ ಸಬ್ ಇನ್ಸ್‌ಪೆಕ್ಟರರ ಪ್ರಕರಣದಲ್ಲಿ, ಇಲಾಖೆ ತಾನೇ ಬರೆದುಕೊಂಡ ನಿಯಮಗಳನ್ನು ತಾನೇ ಮುರಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಹೇಳಿತು. ನಮ್ಮ ಮೈಸೂರು ರಾಜ್ಯದಿಂದ ಹೋದ ಮಾಕಾಪುರ ಪ್ರಕರಣದಲ್ಲಿ, 1962ರಲ್ಲಿ, ತೀರ್ಪು ಪೊಲೀಸ್ ಅಧಿಕಾರಿಯ ವಿರುದ್ಧವಾಯಿತು. ಇಲಾಖಾ ವಿಚಾರಣೆ ಕೋರ್ಟಿನ ಹಾಗೆಯೇ ನಡೆಯಬೇಕಿಲ್ಲ, ಸಾಕ್ಷಿಯ ಹಿಂದಿನ ಹೇಳಿಕೆಯನ್ನು ಆಪಾದಿತನ ಎದುರಿಗೆ ಓದಿ, ನಕಲು ಕೊಟ್ಟು, ಪಾಟೀಸವಾಲಿಗೆ ಅವಕಾಶ ಕೊಟ್ಟರೆ ಸಾಕು ಎಂದರು. ಸೋತ ಪ್ರಕರಣವಾದರೂ ಅದರಿಂದ ಉಳಿದವರಿಗೆ ಒಂದು ಅಳತೆಗೋಲು ಸಿಕ್ಕಿತು. ಹೇಳಿಕೆ ಓದಿದರೇ? ನಕಲು ಕೊಟ್ಟರೇ? ಪಾಟೀಸವಾಲು ಮಾಡಲು ಬಿಟ್ಟರೇ? ಸೇವಾ ವಕೀಲರು ಕಡತ ಬಿಚ್ಚಿದೊಡನೆ ಇಂದಿಗೂ ಹುಡುಕುವುದು ಇವನ್ನೇ. 1990ರ ರಂಜಾನ್ ಖಾನ್ ತೀರ್ಪಿನ ಬಳಿಕ ನಾಲ್ಕನೆಯ ಪ್ರಶ್ನೆಯೊಂದು ಸೇರಿತು: ವಿಚಾರಣಾ ವರದಿಯ ಪ್ರತಿಯನ್ನು ಶಿಕ್ಷೆಗೆ ಮೊದಲೇ ಕೊಟ್ಟರೇ?

ಈ ನಡುವೆ, 1956ರ ನವೆಂಬರ್ 1ರಂದು, ನಮ್ಮ ಮೂರೂ ಊರುಗಳು ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು. 1951ರ ಮುಂಬಯಿ ಪೊಲೀಸ್ ಕಾಯಿದೆಯ ಜಾಗಕ್ಕೆ 1963ರ ಮೈಸೂರು ಪೊಲೀಸ್ ಕಾಯಿದೆಯೂ, ಅದರ ಹಿಂದೆಯೇ 1965ರ ಪೊಲೀಸ್ ಶಿಸ್ತು ನಡವಳಿಗಳ ನಿಯಮಗಳೂ ಬಂದವು. ಜನರ ಬಾಯಲ್ಲಿ ಫೌಜದಾರ ಎಂಬ ಹಳೆಯ ಮಾತು ಉಳಿದುಕೊಂಡಿತು. ದಾರಿ ಮಾತ್ರ ಬೆಂಗಳೂರಿನತ್ತ ತಿರುಗಿತು.

ಉಳಿದ ದುಡಿಯುವವರಂತೆ ಪೊಲೀಸರೂ ಸಂಘ ಕಟ್ಟಿಕೊಂಡು ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸೀತು. ಈ ಜಿಲ್ಲೆಗೆ ಸಂಘಟನೆ ಹೊಸದಲ್ಲ. ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು ಗೇಣಿದಾರ ರೈತರನ್ನು ಒಗ್ಗೂಡಿಸಿ, ಅದಕ್ಕಾಗಿ 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರಾದದ್ದು ನಿಮಗೆ ಗೊತ್ತು. ಆದರೆ ಪೊಲೀಸರಿಗೆ ಈ ಬಾಗಿಲು ಮುಚ್ಚಿದೆ. ಸಾರ್ವಜನಿಕ ಶಾಂತಿ ಕಾಯುವ ಪಡೆಗಳ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಡುತ್ತದೆ. ಅದರಂತೆ 1966ರಲ್ಲಿ ಬಂದ ಕಾಯಿದೆಯ ಪ್ರಕಾರ, ಅನುಮತಿಯಿಲ್ಲದೆ ಕಾರ್ಮಿಕ ಸಂಘ ಸೇರಿದ ಪೊಲೀಸನಿಗೆ ಎರಡು ವರ್ಷದವರೆಗೆ ಸೆರೆಮನೆಯಾಗಬಹುದು. ದೆಹಲಿಯ ಪೊಲೀಸರು ಇದನ್ನು ಪ್ರಶ್ನಿಸಿದರು; 1986ರಲ್ಲಿ ಸುಪ್ರೀಂ ಕೋರ್ಟು ನಿರ್ಬಂಧ ಸರಿಯೆಂದಿತು. ಬ್ರಿಟನ್ನಿನಲ್ಲಿ ಕೂಡ 1918 ಮತ್ತು 1919ರ ಪೊಲೀಸ್ ಮುಷ್ಕರಗಳ ನಂತರ ಸಂಘವನ್ನು ನಿಷೇಧಿಸಿದರು, ಆದರೆ ಅದರ ಬದಲಿಗೆ ಶಾಸನಬದ್ಧವಾದ ಪೊಲೀಸ್ ಫೆಡರೇಷನ್ ಒಂದನ್ನು ಕೊಟ್ಟರು. ಮುಷ್ಕರದ ಹಕ್ಕನ್ನು ಕಿತ್ತುಕೊಂಡವರು ಮಾತನಾಡುವ ಬಾಯಿಯನ್ನು ಉಳಿಸಿದರು. ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತೆವು ಎಂದೇ ನನ್ನ ಅಭಿಪ್ರಾಯ.

ಹೀಗಾಗಿ ಸಂಘ ಮಾಡಬೇಕಾದ ಕೆಲಸವೆಲ್ಲ ಒಬ್ಬೊಬ್ಬ ನೌಕರನ ವಕಾಲತ್ತಿನ ಮೇಲೆ ಬಿತ್ತು. ವಿಚಿತ್ರವೆಂದರೆ, ಆ ವಕೀಲರಿಗೆ ಮುಖ್ಯವಾದ ಕೋಣೆಯೊಳಗೇ ಪ್ರವೇಶವಿಲ್ಲ. ಇಲಾಖಾ ವಿಚಾರಣೆಯಲ್ಲಿ ಆಪಾದಿತ ನೌಕರ ಇನ್ನೊಬ್ಬ ಸರಕಾರಿ ನೌಕರನ ನೆರವು ಪಡೆಯಬಹುದು. ವಕೀಲರನ್ನು ಕರೆತರಲು ಸಾಮಾನ್ಯವಾಗಿ ಅವಕಾಶವಿಲ್ಲ. ಇಲಾಖೆಯ ಪರ ಮಂಡನಾಧಿಕಾರಿ ಕಾನೂನು ಬಲ್ಲವರಾಗಿದ್ದರೆ ಆಗ ಕೇಳಬಹುದು. ಮುಂಬಯಿ ಬಂದರಿನ ನೌಕರರೊಬ್ಬರ ಪರವಾಗಿ ಸುಪ್ರೀಂ ಕೋರ್ಟು ಹಾಗೆ ಹೇಳಿದ್ದನ್ನು ನಾಡಕರ್ಣಿ ಪ್ರಕರಣ ಎನ್ನುತ್ತಾರೆ (ಈ ಅಡ್ಡಹೆಸರು ನಮ್ಮ ಕರಾವಳಿಗೆ ಅಪರಿಚಿತವಲ್ಲ). ಉಳಿದಂತೆ ವಕೀಲರು ಹಿಂದಿನ ರಾತ್ರಿ ಪ್ರಶ್ನೆಗಳನ್ನು ಬರೆದುಕೊಡುತ್ತಾರೆ, ಮರುದಿನ ಪೇದೆ ತಾನೇ ತನ್ನ ಮೇಲಧಿಕಾರಿಗೆ ಪಾಟೀಸವಾಲು ಹಾಕಬೇಕು. ವರ್ಷಗಟ್ಟಲೆ ಸೆಲ್ಯೂಟು ಹೊಡೆದ ಕೈ ಹೇಗೆ ತಾನೇ ಬೆರಳೆತ್ತಿ ತೋರಿಸೀತು?

ಭಟ್ಕಳದ ಕಡೆ ನೋಡಿದರೆ ಇದರ ವೈಪರೀತ್ಯ ಇನ್ನೂ ಸ್ಪಷ್ಟವಾಗುತ್ತದೆ. 1993ರ ಕೋಮುಗಲಭೆಯ ಬಳಿಕ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ನೇಮಕವಾಯಿತು. ಇಂತಹ ಆಯೋಗಗಳು 1952ರ ವಿಚಾರಣಾ ಆಯೋಗಗಳ ಕಾಯಿದೆಯಂತೆ ನಡೆಯುತ್ತವೆ. ಅದರ 8ಬಿ ಮತ್ತು 8ಸಿ ಕಲಮುಗಳ ಪ್ರಕಾರ, ಯಾರ ಹೆಸರಿಗೆ ಕುಂದು ಬರುವ ಸಂಭವವಿದೆಯೋ ಅವರ ಮಾತನ್ನು ಆಯೋಗ ಕೇಳಲೇಬೇಕು. ಅವರು ವಕೀಲರನ್ನು ಇಟ್ಟುಕೊಂಡು ಸಾಕ್ಷಿಗಳನ್ನು ಪ್ರಶ್ನಿಸಲೂಬಹುದು. ಆಯೋಗದ ವರದಿ ಬರಿಯ ಶಿಫಾರಸು. ಅದರಿಂದ ಯಾರ ನೌಕರಿಯೂ ನೇರವಾಗಿ ಹೋಗುವುದಿಲ್ಲ. ಅಲ್ಲಿ ಪೊಲೀಸನ ಪಕ್ಕದಲ್ಲಿ ವಕೀಲ ಕೂಡಬಹುದು. ನಿಜವಾಗಿ ಅನ್ನ ಕಸಿಯಬಲ್ಲ ಇಲಾಖಾ ವಿಚಾರಣೆಯಲ್ಲಿ ಕೂಡುವಂತಿಲ್ಲ! ಈ ಕರಾವಳಿಯಲ್ಲಿ ಕರ್ತವ್ಯ ಹಗುರವಾದದ್ದೂ ಅಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಉದ್ವಿಗ್ನತೆ ಕುಮಟೆಗೆ ಹಬ್ಬಿದಾಗ ಪಶ್ಚಿಮ ವಲಯದ ಐ.ಜಿ.ಪಿ.ಯವರ ವಾಹನಕ್ಕೇ ಬೆಂಕಿ ಬಿತ್ತು. ಅಂಥ ದಿನ ಬಲ ಹೆಚ್ಚು ಬಳಸಿದರೂ ತಪ್ಪು, ಕಡಿಮೆ ಬಳಸಿದರೂ ತಪ್ಪು.

ಹಾಗೆಂದು ತಪ್ಪು ಮಾಡಿದ ಪೊಲೀಸರನ್ನು ವಕೀಲರು ಬಿಡಿಸಿಬಿಡುತ್ತಾರೆ ಎಂದು ತಿಳಿಯಬೇಡಿ. ಲಾಕಪ್ಪಿನಲ್ಲಿ ಹೊಡೆದವನೂ, ಲಂಚ ತಿಂದವನೂ ಇದೇ ಬಾಗಿಲಿಗೆ ಬರುತ್ತಾನೆ. 1995ರ ಚತುರ್ವೇದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ನ್ಯಾಯಾಲಯ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂದಷ್ಟೇ ನೋಡುತ್ತದೆ. ಆಪಾದಿತನ ಮಾತು ಕೇಳದೆ ಶಿಕ್ಷಿಸಬಾರದು ಎಂಬ ಪಾಠ ತನ್ನ ಮೈಮೇಲೇ ಬಂದಾಗ ಪೊಲೀಸನಿಗೆ ಅದರ ಬೆಲೆ ತಿಳಿಯುತ್ತದೆ ಎಂಬುದು ಬೇರೆ ಮಾತು.

ಇನ್ನು ದಾರಿಯ ವಿಷಯ. 1986ರ ಅಕ್ಟೋಬರಿನಲ್ಲಿ ಕರ್ನಾಟಕ ಆಡಳಿತ ನ್ಯಾಯಮಂಡಳಿ ಬೆಂಗಳೂರಿನಲ್ಲಿ ಆರಂಭವಾಯಿತು. ರಾಜ್ಯದ ನೌಕರರ ಸೇವಾ ವ್ಯಾಜ್ಯಗಳು ಹೈಕೋರ್ಟಿನಿಂದ ಅಲ್ಲಿಗೆ ಹೋದವು. ಬೇಗ ನ್ಯಾಯ ಸಿಗಲಿ ಎಂಬುದು ಉದ್ದೇಶ. ಆದರೆ ಭಟ್ಕಳದ ಪೇದೆಗೆ ಅದು ಘಟ್ಟ ಹತ್ತಿ ಸುಮಾರು 400 ಕಿ.ಮೀ. ದೂರದ ರಾತ್ರಿ ಬಸ್ಸಿನ ಪ್ರಯಾಣ. ಅಮಾನತಿನಲ್ಲಿದ್ದವನಿಗೆ ಆರಂಭದಲ್ಲಿ ಸಿಗುವುದು ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ. ಅದರಲ್ಲೇ ಬಸ್ಸು, ಊಟ, ವಕೀಲರ ಫೀಸು, ಮಕ್ಕಳ ಶಾಲೆ. ಮಂಡಳಿಯಲ್ಲಿ ಸೋತರೆ ಮುಂದಿನ ಮೆಟ್ಟಿಲು ದೆಹಲಿ. 1997ರ ಮಾರ್ಚಿನಲ್ಲಿ ಚಂದ್ರಕುಮಾರ್ ಪ್ರಕರಣದ ತೀರ್ಪು ಬಂದು, ಮಂಡಳಿಯ ಆದೇಶವನ್ನು ಹೈಕೋರ್ಟಿನ ವಿಭಾಗೀಯ ಪೀಠ ಪರಿಶೀಲಿಸಬಹುದು ಎಂದಿತು. 2008ರ ಜುಲೈಯಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ತೆರೆದು, 2013ರಲ್ಲಿ ಅದು ಕಾಯಂ ಆಯಿತು. ಆಮೇಲೆ ನ್ಯಾಯಮಂಡಳಿಗೂ ಬೆಳಗಾವಿ, ಕಲಬುರಗಿಗಳಲ್ಲಿ ಪೀಠಗಳಾದವು. ಒಂದು ದಿನ ರಜೆ ಹಾಕಿ ಧಾರವಾಡಕ್ಕೆ ಹೋಗಿ ಬರುವುದು ಕುಮಟೆಯವನಿಗೆ ಸಾಧ್ಯವಾಯಿತು. ಈ ವಕೀಲಿಕೆಯ ಇತಿಹಾಸದಲ್ಲಿ ಇದನ್ನು ನಾನು ದೊಡ್ಡ ತೀರ್ಪುಗಳಷ್ಟೇ ಮುಖ್ಯವೆಂದು ಎಣಿಸುತ್ತೇನೆ.

ಸಂಬಳದಂಥ ಎಲ್ಲರ ಪ್ರಶ್ನೆಗೆ ಒಬ್ಬೊಬ್ಬರ ವಕಾಲತ್ತು ಸಾಲದು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ರಾಜ್ಯದ ಪೊಲೀಸರಿಗೆ ಕರೆ ಹೋಗಿತ್ತು. ಅದಕ್ಕೆ ಮೊದಲೇ ಪೊಲೀಸ್ ಮಹಾಸಂಘದ ಅಧ್ಯಕ್ಷರ ಬಂಧನವಾಯಿತು, ಅದೂ ರಾಜದ್ರೋಹದ ಕಲಮಿನಡಿ. ಚಳವಳಿ ಅಲ್ಲಿಗೆ ತಣ್ಣಗಾಯಿತು. ಅದೇ ವರ್ಷ ಔರಾದಕರ್ ಸಮಿತಿ ವೇತನ ಹೆಚ್ಚಿಸಲು ಶಿಫಾರಸು ಮಾಡಿತು. ಪರಿಷ್ಕರಣೆಯ ಆದೇಶ ಬಂದದ್ದು 2019ರಲ್ಲಿ.

ನಿಮ್ಮ ಮನೆಯಲ್ಲಿ ಪೊಲೀಸ್ ನೌಕರರಿದ್ದರೆ ಒಂದು ಸಂಗತಿ ಗೊತ್ತಿರಲಿ. ಶಿಕ್ಷೆಯ ಆದೇಶ ಬಂದ ಮೇಲೆ ಮೊದಲು ಇಲಾಖೆಯಲ್ಲೇ ಮೇಲ್ಮನವಿ ಹಾಕಬೇಕು. ಆರು ತಿಂಗಳು ಕಾದರೂ ಉತ್ತರ ಬಾರದಿದ್ದರೆ ಮಂಡಳಿಗೆ ಹೋಗಬಹುದು. ಅಂತಿಮ ಆದೇಶ ಬಂದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಡವಾದರೆ ತಡಕ್ಕೆ ಕಾರಣ ತೋರಿಸಬೇಕು. ಆದ್ದರಿಂದ ಆದೇಶದ ಜೊತೆಗೆ ಅದು ಬಂದ ಲಕೋಟೆಯನ್ನೂ, ಅದರ ಮೇಲಿನ ತಾರೀಖಿನ ಮೊಹರನ್ನೂ ಜೋಪಾನವಾಗಿಡಿ.