ಮೆಹಂದಿಗೆ ಹಸಿರೇ ಯಾಕೆ? ಒಂದು ಬಣ್ಣದ ಹಿಂದಿನ ಕಥೆ

ಮದುವೆ ಸೀಸನ್ ಶುರುವಾಯ್ತು ಅಂದ್ರೆ ವಾಟ್ಸ್‌ಆ್ಯಪ್‌ಗೆ ಬರೋ ಆಮಂತ್ರಣದ ಕೆಳಗೆ ಈಗ ಒಂದು ಸಾಲು ಗ್ಯಾರಂಟಿ: ಅರಿಶಿನಕ್ಕೆ ಹಳದಿ ಬಟ್ಟೆ, ಮೆಹಂದಿಗೆ ಹಸಿರು ಬಟ್ಟೆ. ಆ ಸಾಲು ಓದಿದ ತಕ್ಷಣ ನಾವು ಮಾಡೋ ಮೊದಲ ಕೆಲಸ ಶಾಪಿಂಗ್ ಆ್ಯಪ್ ತೆಗೆಯೋದು. ಆದ್ರೆ ಈ ನಿಯಮ ಮಾಡಿದ್ದು ಯಾರು? ಶಾಸ್ತ್ರವಾ, ಸಿನಿಮಾನಾ? ಇವತ್ತು ಅದನ್ನೇ ಹುಡುಕೋಣ.

ಮೊದಲು ಒಂದು ಮಾತು. ಮದರಂಗಿ ನಮಗೆ ಹೊಸದಲ್ಲ. ಹೊಸದು ಮೆಹಂದಿ ಫಂಕ್ಷನ್. ಮದರಂಗಿ ಗಿಡ ಹಿತ್ತಿಲಲ್ಲಿ, ಬೇಲಿ ಸಾಲಲ್ಲಿ ಇರ್ತಿತ್ತು. ಕೆಲವು ಕಡೆ ಅದನ್ನೇ ಗೋರಂಟಿ ಅಂತಾರೆ. ಪಂಚಮಿ ಹಬ್ಬಕ್ಕೋ ಮದುವೆಗೋ ಎಲೆ ಕಿತ್ತು, ಒರಳಲ್ಲಿ ನುಣ್ಣಗೆ ರುಬ್ಬಿ, ಅಂಗೈ ಮಧ್ಯೆ ದುಂಡಗೆ ಒಂದು ಬೊಟ್ಟು, ಬೆರಳ ತುದಿಗೆಲ್ಲ ಟೋಪಿ. ಮೇಲೊಂದು ಎಲೆ ಸುತ್ತಿ ಮಲಗಿದ್ರೆ ಮುಗೀತು. ಬೆಳಗ್ಗೆ ಎದ್ದು ಯಾರ ಕೈ ಜಾಸ್ತಿ ಕೆಂಪಾಗಿದೆ ಅಂತ ನೋಡೋದೇ ಹಬ್ಬ.

ಅವತ್ತು ಏನು ಉಡ್ತಿದ್ರಿ ಅಂತ ನಮ್ಮಜ್ಜಿಯನ್ನ ಕೇಳಿದ್ದೆ. "ಇರೋದ್ರಲ್ಲಿ ಹಳೇದು ಕಣೇ, ಇನ್ನೇನು" ಅಂದಿದ್ರು. ಆ ಮಾತಿನ ಹಿಂದೆ ಒಳ್ಳೆ ರಸಾಯನಶಾಸ್ತ್ರ ಇದೆ.

ಮದರಂಗಿ ಎಲೆಯಲ್ಲಿ ಲಾಸೋನ್ ಅನ್ನೋ ಬಣ್ಣದ ಅಂಶ ಇದೆ. ಅದು ಪ್ರೋಟೀನ್‌ಗೆ ಅಂಟಿಕೊಳ್ಳುತ್ತೆ. ನಮ್ಮ ಚರ್ಮ, ಉಗುರು, ಕೂದಲು ಎಲ್ಲದರಲ್ಲೂ ಪ್ರೋಟೀನ್ ಇದೆ. ಇನ್ನೊಂದು ಯಾವುದು ಗೊತ್ತಾ? ರೇಷ್ಮೆ. ಅಂದ್ರೆ ಮೈಸೂರು ಸಿಲ್ಕ್ ಉಟ್ಟು ಮೆಹಂದಿಗೆ ಕೂತರೆ, ಕೋನ್‌ನಿಂದ ಬಿದ್ದ ಹನಿ ನಿಮ್ಮ ಕೈಯನ್ನ ಹಿಡಿದಷ್ಟೇ ಗಟ್ಟಿಯಾಗಿ ಸೀರೆಯನ್ನೂ ಹಿಡಿಯುತ್ತೆ. ಕೈ ಬಣ್ಣ ಎರಡು ಮೂರು ವಾರಕ್ಕೆ ಹೋಗುತ್ತೆ, ಯಾಕಂದ್ರೆ ಚರ್ಮ ಉದುರಿ ಹೊಸದು ಬರುತ್ತೆ. ಸೀರೆಗೆ ಹೊಸ ಚರ್ಮ ಬರಲ್ಲ.

ಅರಿಶಿನದ ಕಥೆ ಬೇರೆ. ಅದಕ್ಕೆ ಹತ್ತಿ ಅಂದ್ರೆ ಇಷ್ಟ. ಬೇರೆ ಅನೇಕ ಸಹಜ ಬಣ್ಣಗಳು ಹತ್ತಿಯಲ್ಲಿ ನಿಲ್ಲಬೇಕಾದ್ರೆ ಪಟಿಕದಂಥದ್ದು ಬೇಕು. ಅರಿಶಿನಕ್ಕೆ ಅದೂ ಬೇಡ, ನೀರಲ್ಲಿ ಕಲಸಿ ಬಟ್ಟೆ ಅದ್ದಿದ್ರೆ ಸಾಕು. ಹಾಗಾಗಿ ಬಿಳಿ ಪಂಚೆ, ಬಿಳಿ ಸೀರೆಯನ್ನ ಮಂಗಳ ವಸ್ತ್ರ ಮಾಡೋಕೆ ಅಡುಗೆಮನೆಯೇ ಸಾಕಿತ್ತು, ಬಡವರ ಮನೆಗೂ ಎಟುಕುತ್ತಿತ್ತು. ಕಲಬುರಗಿ, ಬೀದರ್ ಕಡೆಯ ದಖನಿ ಮುಸ್ಲಿಂ ಮನೆಗಳಲ್ಲೂ ಮಾಂಝಾ ಶಾಸ್ತ್ರಕ್ಕೆ ಮದುಮಗಳು ಹಳದಿ ಉಡ್ತಾಳೆ. ಧರ್ಮ ಬೇರೆ ಆದ್ರೂ ಅರಿಶಿನ ಒಂದೇ.

ಈಗ ಹಸಿರಿಗೆ ಬರೋಣ. ಮದರಂಗಿ ಎಲೆ ಹಸಿರು ತಾನೇ, ಅದರಿಂದ ಬಟ್ಟೆಗೂ ಹಸಿರು ಬಣ್ಣ ಬರುತ್ತೆ ಅಂದ್ಕೋಬೇಡಿ. ಬಟ್ಟೆ ಮೇಲೆ ನಿಲ್ಲೋ ಹಸಿರು ಎಲೆಯಿಂದ ನೇರವಾಗಿ ಸಿಗೋದು ತುಂಬಾ ಕಷ್ಟ. ಹಳೇ ಬಣ್ಣಗಾರರು ಬಟ್ಟೆಯನ್ನ ಮೊದಲು ನೀಲಿಯಲ್ಲಿ ಅದ್ದಿ, ಒಣಗಿಸಿ, ಆಮೇಲೆ ಅರಿಶಿನದಲ್ಲೋ ದಾಳಿಂಬೆ ಸಿಪ್ಪೆಯ ನೀರಲ್ಲೋ ಮತ್ತೆ ಅದ್ದುತ್ತಿದ್ರು. ನೀಲಿ ಮೇಲೆ ಹಳದಿ ಕೂತರೆ ಹಸಿರು. ಕೆಲಸ ಎರಡು ಪಟ್ಟು. ಅರಿಶಿನ ಬಿಸಿಲಿಗೆ ಮಾಸಿದ್ರೆ ಸೀರೆ ಮತ್ತೆ ನೀಲಿ ಕಡೆಗೆ ತಿರುಗುತ್ತಿತ್ತು.

1856ರಲ್ಲಿ ಲಂಡನ್‌ನಲ್ಲಿ ವಿಲಿಯಂ ಪರ್ಕಿನ್ ಅನ್ನೋ ಹದಿನೆಂಟರ ಹುಡುಗ ಮೊದಲ ಕೃತಕ ಬಣ್ಣಗಳಲ್ಲೊಂದನ್ನ ಕಂಡುಹಿಡಿದ. 1897ರಲ್ಲಿ ಜರ್ಮನಿಯ ಕಂಪನಿಯೊಂದು ಕೃತಕ ನೀಲಿಯನ್ನೇ ಮಾರುಕಟ್ಟೆಗೆ ತಂತು. ಆಮೇಲೆ ನಿಧಾನವಾಗಿ ಯಾವ ಬಣ್ಣ ಬೇಕಾದ್ರೂ ಅಗ್ಗದಲ್ಲಿ ಸಿಗೋ ಹಾಗಾಯ್ತು. ಇವತ್ತು "ಎಲ್ಲರೂ ಬಾಟಲ್ ಗ್ರೀನ್" ಅಂತ ಸಲೀಸಾಗಿ ಮೆಸೇಜ್ ಹಾಕೋಕೆ ಆಗೋದು ಅದರಿಂದಲೇ.

ಹಸಿರು ನಮ್ಮಲ್ಲಿ ಮಂಗಳದ ಬಣ್ಣ ಹೌದು. ಬಳೆ ಶಾಸ್ತ್ರಕ್ಕೆ ಹಸಿರು ಗಾಜಿನ ಬಳೆ, ಸೀಮಂತಕ್ಕೆ ಹಸಿರು ಸೀರೆ. ಆದ್ರೆ ಮೆಹಂದಿ ದಿನ ಹಸಿರೇ ಉಡಬೇಕು ಅನ್ನೋ ಹುಚ್ಚು ನಮಗೆ ಬಂದಿದ್ದು ಹೆಚ್ಚಾಗಿ ಪರದೆಯಿಂದ ಅಂತ ನನಗನಿಸುತ್ತೆ. 1995ರ ಅಕ್ಟೋಬರ್‌ನಲ್ಲಿ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಬಂತು. ಅದರ ಮೆಹಂದಿ ಹಾಡಲ್ಲಿ ಕಾಜೋಲ್ ಉಟ್ಟಿದ್ದು ಹಸಿರು. ಅದೇ ಹೊತ್ತಿಗೆ ಕೇಬಲ್ ಟಿವಿ ನಮ್ಮ ಊರುಗಳಿಗೂ ಬರ್ತಾ ಇತ್ತು. ಪಂಜಾಬಿ ಮನೆಯ ಸಂಭ್ರಮ ಮಂಡ್ಯದ ಹಾಲ್‌ಗೂ ಬಂತು. ಒರಳಿನ ಜಾಗಕ್ಕೆ ಕೋನ್ ಬಂತು, ಅದರೊಳಗೆ ರಾಜಸ್ಥಾನದ ಸೋಜತ್‌ನ ಪುಡಿ ಬಂತು. ಸೋಜತ್ ಮೆಹಂದಿಗೆ 2021ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಕರಾವಳಿಯಲ್ಲಂತೂ ಮದುವೆ ಹಿಂದಿನ ರಾತ್ರಿಯ ಮೆಹಂದಿ ಈಗ ಊಟ, ಡಿಜೆ ಸಮೇತ ದೊಡ್ಡ ಕಾರ್ಯಕ್ರಮ.

ಇದನ್ನ ಬೈಯೋಕೆ ನಾನು ಬಂದಿಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ. ಅರಿಶಿನ, ಬಳೆ ಇವೆಲ್ಲ ಮುತ್ತೈದೆಯರ ಶಾಸ್ತ್ರ. ಗಂಡ ಸತ್ತ ಹೆಂಗಸನ್ನ ಎಷ್ಟೋ ಮನೆಗಳಲ್ಲಿ ಅಲ್ಲಿಗೆ ಕರೀತಿರಲಿಲ್ಲ. ಈಗಲೂ ಕರೆಯದ ಮನೆಗಳಿವೆ. ಸ್ವಂತ ಮಗಳ ಮದುವೆಯಲ್ಲೂ ತಾಯಿ ಬಾಗಿಲ ಮರೆಯಲ್ಲಿ ನಿಲ್ಲಬೇಕಾಗಿದ್ದನ್ನ ನಾನು ನೋಡಿದ್ದೀನಿ. ಮೆಹಂದಿ ಫಂಕ್ಷನ್‌ಗೆ ಮಂತ್ರ ಇಲ್ಲ, ಮಡಿ ಇಲ್ಲ. ಅಲ್ಲಿ ಯಾರು ಬೇಕಾದ್ರೂ ಕೂರಬಹುದು: ವಿಧವೆ ಅತ್ತೆ, ಪಕ್ಕದ ಮನೆ ಫಾತಿಮಾ ಆಂಟಿ, ಮದುವೆಯೇ ಆಗದ ಚಿಕ್ಕಮ್ಮ, ಹುಡುಗರು ಕೂಡ. ಶಾಸ್ತ್ರ ಅಲ್ಲದೇ ಇರೋದೇ ಅದರ ದೊಡ್ಡ ಗುಣ.

ಶಾಸ್ತ್ರ ಮುಚ್ಚಿದ್ದ ಬಾಗಿಲು ಹಾಗೆ ತೆರೀತು. ಅದನ್ನ ಡ್ರೆಸ್ ಕೋಡ್ ಮತ್ತೆ ಮುಚ್ಚಬಾರದು ಅಲ್ವಾ? ಹಸಿರು ಲೆಹೆಂಗಾ ಇಲ್ಲ, ಒಂದೇ ಸಂಜೆಗೆ ಮೂರು ಸಾವಿರ ಹಾಕೋಕೆ ಆಗಲ್ಲ ಅಂತ ನನ್ನ ಗೆಳತಿಯೊಬ್ಬಳು ಹತ್ತಿರದ ಸಂಬಂಧಿಯ ಮೆಹಂದಿಗೆ ಹೋಗಲೇ ಇಲ್ಲ. ಜ್ವರ ಅಂತ ಸುಳ್ಳು ಹೇಳಿದ್ಲು. ಫೋಟೋದಲ್ಲಿ ಎಲ್ಲರೂ ಹಸಿರಾಗಿದ್ರು, ಅವಳು ಮಾತ್ರ ಇರಲಿಲ್ಲ.

ಹಾಗಾದ್ರೆ ಏನು ಉಡೋದು? ಹತ್ತಿ ಉಡಿ. ಕೈಗೆ, ಕಾಲಿಗೆ ಹಾಕಿಸ್ಕೊಳ್ಳೋದಾದ್ರೆ ಮೊಣಕೈ ಮೇಲೆ ನಿಲ್ಲೋ ತೋಳು, ಸಡಿಲವಾದ ಪೈಜಾಮ ಇರಲಿ. ಎರಡು ಮೂರು ಗಂಟೆ ಎರಡೂ ಕೈ ಕೆಲಸಕ್ಕೆ ಬರಲ್ಲ, ಪದೇ ಪದೇ ಜಾರೋ ದುಪಟ್ಟಾ ಬೇಡ. ಹಸಿರೇ ಬೇಕಂದ್ರೆ ಅಮ್ಮನ ಬೀರುವಿನಲ್ಲಿ ಗಿಳಿ ಹಸಿರಿನ ಇಳಕಲ್ ಸೀರೆ ಇದೆಯಾ ನೋಡಿ. ಅದರ ಒಡಲು ಹತ್ತಿಯದಾದ್ರೆ ಸರಿ, ರೇಷ್ಮೆ ಸೆರಗನ್ನ ಮಾತ್ರ ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ. ಇಲ್ದಿದ್ರೆ ಹಸಿರು ಬಳೆ ಹಾಕಿ, ಬಳೆ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತೆ. ಕಪ್ಪು ಮೆಹಂದಿ ಅಂತ ಬಂದ್ರೆ ಬೇಡ ಅನ್ನಿ. ಅದರಲ್ಲಿ ಕೂದಲ ಡೈನ ಪಿಪಿಡಿ ಇರಬಹುದು, ಚರ್ಮ ಸುಟ್ಟು ಗುಳ್ಳೆ ಏಳುತ್ತೆ.

ಆಮಂತ್ರಣ ಬರೆಯೋರು ನೀವೇ ಆಗಿದ್ರೆ ಕೊನೆ ಸಾಲು ಹೀಗಿರಲಿ: ಹಸಿರು ಇದ್ರೆ ಹಾಕೊಂಡು ಬನ್ನಿ, ಇಲ್ದಿದ್ರೆ ಹಾಗೇ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.