ಮಾಡುವುದು, ಮಾಡಿಸುವುದು, ಮೆಚ್ಚುವುದು

ವಿಚಾರವನ್ನು ನುಡಿದವನನ್ನು ಕೊಲ್ಲುವ ಕೃತ್ಯ ಇತಿಹಾಸಕ್ಕೆ ಹೊಸದಲ್ಲ. ಅಂತಹ ಕೊಲೆ ನಡೆದಾಗ ಕೊಂದವರು ಯಾರು, ಕೊಲ್ಲಿಸಿದವರು ಯಾರು ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕರ್ತವ್ಯ. ಆದರೆ ಆ ಸುದ್ದಿಯನ್ನು ಕೇಳಿದ ಸಮಾಜ ಏನು ಆಡಿತು, ಮನಸ್ಸಿನಲ್ಲಿ ಏನನ್ನು ಇಟ್ಟುಕೊಂಡಿತು ಎಂಬ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ವಿಚಾರಿಸುವುದಿಲ್ಲ. ಅದನ್ನು ಸಮಾಜವೇ ತನಗೆ ತಾನು ಕೇಳಿಕೊಳ್ಳಬೇಕು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಂತೂ ಮೊದಲಿಗೆ ಕೇಳಿಕೊಳ್ಳಬೇಕು.

ಈ ಪ್ರಶ್ನೆಯನ್ನು ನಮ್ಮ ನೆಲದಿಂದಲೇ ಆರಂಭಿಸಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆ ಜೈನ ಇತಿಹಾಸದಲ್ಲಿ ಸಣ್ಣ ಹೆಸರಲ್ಲ. ಭದ್ರಬಾಹು ಮುನಿಗಳ ಸಂಘವು ದಕ್ಷಿಣಕ್ಕೆ ಬಂದುದನ್ನು ಹೇಳುವ ಹರಿಷೇಣನ ಬೃಹತ್ಕಥಾಕೋಶವು ಪುನ್ನಾಟ ದೇಶವನ್ನು ಹೆಸರಿಸುತ್ತದೆ. ಆ ಪುನ್ನಾಟದ ರಾಜಧಾನಿ ಕೀರ್ತಿಪುರವೇ ಹೆಗ್ಗಡದೇವನಕೋಟೆ ಸೀಮೆಯ ಕಿತ್ತೂರು. ಕೃಷ್ಣರಾಜನಗರದ ಕಡೆಯ ಚಿಕ್ಕಹನಸೋಗೆಯ ಶಾಸನಗಳು ಅಲ್ಲಿ 64 ಬಸದಿಗಳಿದ್ದ ಪರಂಪರೆಯನ್ನು ಹೇಳುತ್ತವೆ. ಆ ಬಸದಿಗಳಿಗೆ ದತ್ತಿ ಬಿಟ್ಟವರಲ್ಲಿ ಚಂಗಾಳ್ವ ಅರಸರೂ ಇದ್ದರು. ಅದೇ ವಂಶ ಮುಂದೆ ಶೈವಮತವನ್ನು ಅವಲಂಬಿಸಿತು. ಆದರೂ 16ನೆಯ ಶತಮಾನದ ಆದಿಭಾಗದಲ್ಲಿ, ಅವರ ಅಧೀನದಲ್ಲಿದ್ದ ಹುಣಸೂರು ಸೀಮೆಯ ಕಲ್ಲಹಳ್ಳಿಯಲ್ಲಿ ಮೂರನೆಯ ಮಂಗರಸನು ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿ ಮೊದಲಾದ ಜೈನ ಕೃತಿಗಳನ್ನು ರಚಿಸಿದನು. ಅರಸನ ಮತ ಒಂದು, ಕವಿಯ ಧರ್ಮ ಮತ್ತೊಂದು. ಅದಕ್ಕಾಗಿ ಕವಿಯು ಲೇಖನಿಯನ್ನು ಕೆಳಗಿಡಬೇಕಾಗಿ ಬರಲಿಲ್ಲ.

ಈ ಸಹಬಾಳ್ವೆ ಯಾವಾಗಲೂ ಹಾಗೆಯೇ ಉಳಿಯಲಿಲ್ಲ. ಹೆಗ್ಗಡದೇವನಕೋಟೆಗೆ ನೆರೆಯಾದ ನಂಜನಗೂಡಿನ ಹೆಸರಿನೊಡನೆ ಒಂದು ಘೋರ ವೃತ್ತಾಂತ ಸೇರಿಕೊಂಡಿದೆ. 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರ ಮುಖ್ಯಮಂತ್ರಿ ವಿಶಾಲಾಕ್ಷ ಪಂಡಿತನು ಯಳಂದೂರಿನ ಜೈನ. ಅರಸನ ಕಷ್ಟದ ದಿನಗಳಲ್ಲಿ ಜೊತೆಗಿದ್ದವನು. 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಕರ್ನಲ್ ವಿಲ್ಕ್ಸ್ ಬರೆದಿರುವ ಪ್ರಕಾರ, ಆ ಕಾಲದ ಹೊಸ ತೆರಿಗೆಗಳ ವಿರುದ್ಧ ರೈತರು ದಂಗೆಯೆದ್ದರು. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿ, ಇನ್ನು ಉಳುವುದಿಲ್ಲವೆಂದು ಸಾರಿದರು. ದಂಗೆಗೆ ಜಂಗಮರು ಪ್ರೇರಕರೆಂದು ಭಾವಿಸಿ, ಅವರನ್ನು ನಂಜನಗೂಡಿಗೆ ಕರೆಸಿ, 400 ಮಂದಿಯನ್ನು ಕೊಲ್ಲಿಸಲಾಯಿತೆಂದು ವಿಲ್ಕ್ಸ್ ಹೇಳುತ್ತಾನೆ. ಅನಂತರ 1686ರ ಸುಮಾರಿನಲ್ಲಿ ವಿಶಾಲಾಕ್ಷ ಪಂಡಿತನೂ ಹಂತಕರ ಕೈಯಲ್ಲಿ ಮಡಿದನು. ಅದು ಜಂಗಮರ ಪ್ರತೀಕಾರವೆಂದು ಜನ ನಂಬಿದರು. ಈ ವೃತ್ತಾಂತದ ವಿವರಗಳನ್ನು ನಂತರದ ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಸಂಖ್ಯೆ ಎಷ್ಟೇ ಇರಲಿ, ಕಥೆಯನ್ನು ಹೇಳುವ ರೀತಿಯಲ್ಲಿ ನಮಗೊಂದು ಪಾಠವಿದೆ.

ಜೈನರು ಈ ಕಥೆಯನ್ನು ಹೇಳುವಾಗ ಪಂಡಿತನ ಕೊಲೆಯಿಂದ ಆರಂಭಿಸುವುದು ಸುಲಭ. ವೀರಶೈವರು ಹೇಳುವಾಗ ಜಂಗಮರ ಕೊಲೆಯಿಂದ ಆರಂಭಿಸುವುದು ಸುಲಭ. ತನ್ನವನ ಹೆಣವನ್ನು ಮಾತ್ರ ಎಣಿಸುವ ಸ್ಮರಣೆ, ಎದುರಿನವನ ಹೆಣವನ್ನು ನ್ಯಾಯವಾದ ಫಲವೆಂದು ಕಾಣತೊಡಗುತ್ತದೆ. ಪ್ರತೀಕಾರಕ್ಕೆ ಪ್ರತೀಕಾರ ಬೆಳೆಯುವುದು ಇಲ್ಲಿಯೇ. ಎರಡನ್ನೂ ಕೊಲೆಯೆಂದು ಕರೆಯಬಲ್ಲವನು ಮಾತ್ರ ಈ ಸರಪಳಿಯಿಂದ ಹೊರಗೆ ನಿಲ್ಲಬಲ್ಲನು.

ಮೂರು ಶತಮಾನಗಳನ್ನು ದಾಟಿ ನಮ್ಮ ಕಾಲಕ್ಕೆ ಬರೋಣ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ತಮ್ಮ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 76 ವರ್ಷ. ಅವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ‘ಮಾರ್ಗ’ ಸಂಪುಟಗಳಿಗಾಗಿ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ವಚನಗಳನ್ನೂ ಶಾಸನಗಳನ್ನೂ ಜೀವನವಿಡೀ ವ್ಯಾಖ್ಯಾನಿಸಿದವರು. ಜೈನ ಸಮಾಜಕ್ಕೆ ಅವರ ಋಣ ವಿಶೇಷವಾದುದು. ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇ ಕವಿರಾಜಮಾರ್ಗದ ಪರಿಸರದ ಕನ್ನಡ ಸಾಹಿತ್ಯ. ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥವು ಪರರ ವಿಚಾರವನ್ನೂ ಪರಧರ್ಮವನ್ನೂ ಸೈರಿಸುವ ಗುಣವನ್ನು ನಿಜವಾದ ಸಂಪತ್ತೆಂದು ಹೊಗಳುತ್ತದೆ. ಅದನ್ನು ಅಧ್ಯಯನ ಮಾಡಿದ ವಿದ್ವಾಂಸರು ಅಸಹನೆಗೆ ಬಲಿಯಾದುದನ್ನು ಏನೆನ್ನೋಣ!

ಕಲಬುರ್ಗಿಯವರಿಗೆ ವಿರೋಧ ಮೊದಲು ಬಂದುದು ತಮ್ಮ ಸಮಾಜದ ಒಳಗಿನಿಂದಲೇ. ‘ಮಾರ್ಗ’ದ ಮೊದಲ ಸಂಪುಟದಲ್ಲಿ ಶರಣರ ಜೀವನದ ಕುರಿತು ಬರೆದ ಕೆಲವು ಮಾತುಗಳಿಗಾಗಿ ಅವರು 1989ರಲ್ಲಿ ಒತ್ತಡಕ್ಕೆ ಮಣಿದು ಅವನ್ನು ಹಿಂತೆಗೆದುಕೊಂಡರು. ಮನೆಯವರ ಪ್ರಾಣ ಉಳಿಸಲು ಹಾಗೆ ಮಾಡಿದೆನೆಂದೂ, ಅಂದು ತಮ್ಮ ಬೌದ್ಧಿಕ ಆತ್ಮಹತ್ಯೆ ಆಯಿತೆಂದೂ ಅವರು ಹೇಳಿಕೊಂಡರು. 2014ರಲ್ಲಿ ವಿಗ್ರಹಾರಾಧನೆಯ ಬಗ್ಗೆ ಆಡಿದ ಮಾತುಗಳು ಮತ್ತೊಂದು ವಿವಾದಕ್ಕೆ ಕಾರಣವಾದವು. ಇಲ್ಲಿ ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು. ನಮ್ಮ ಬಸದಿಯ ಪೂಜಾಪದ್ಧತಿಯನ್ನು, ನಮ್ಮ ಆಚಾರ್ಯರ ಚರಿತ್ರೆಯನ್ನು ಒಬ್ಬ ಸಂಶೋಧಕ ಅಷ್ಟೇ ನಿಷ್ಠುರವಾಗಿ ಪರಿಶೀಲಿಸಿದ್ದರೆ ನಾವು ಸೈರಿಸುತ್ತಿದ್ದೆವೆ? ಅನೇಕಾಂತವಾದದ ಪರೀಕ್ಷೆ ನಡೆಯುವುದು ಪರರ ಮನೆಯಲ್ಲಲ್ಲ, ನಮ್ಮ ಮನೆಯಲ್ಲಿ.

ಹತ್ಯೆಯ ಸುದ್ದಿ ಹರಡಿದಾಗ ನಾಡು ಎರಡು ಬಗೆಯಾಗಿ ಪ್ರತಿಕ್ರಿಯಿಸಿತು. ಸಾವಿರಾರು ಜನ ಕಣ್ಣೀರಿಟ್ಟರು. ಊರೂರುಗಳಲ್ಲಿ ಮೌನ ಮೆರವಣಿಗೆಗಳು ನಡೆದವು. ಚಂದ್ರಶೇಖರ ಪಾಟೀಲರು ಪಂಪ ಪ್ರಶಸ್ತಿಯನ್ನು ಹಿಂತಿರುಗಿಸಿದರು. ಆದಿಕವಿಯ ಹೆಸರಿನ ಗೌರವವೇ ಪ್ರತಿಭಟನೆಯ ಭಾಷೆಯಾಯಿತು. ಮುಂದೆ ಬೇರೆ ಬೇರೆ ಭಾಷೆಗಳ ಮೂವತ್ತಕ್ಕೂ ಹೆಚ್ಚು ಲೇಖಕರು ಅಕಾಡೆಮಿಯ ಪ್ರಶಸ್ತಿಗಳನ್ನು ಮರಳಿಸಲು ಮುಂದಾದರು. 2015ರ ಅಕ್ಟೋಬರ್ 23ರಂದು ಅಕಾಡೆಮಿಯು ಹತ್ಯೆಯನ್ನು ಖಂಡಿಸಿ ನಿರ್ಣಯ ಮಾಡಿತು. ಇನ್ನೊಂದು ಕಡೆ, ಹತ್ಯೆಯ ದಿನವೇ ಕರಾವಳಿಯ ಸಂಘಟನೆಯೊಂದರ ಕಾರ್ಯಕರ್ತನೊಬ್ಬ ಸಾಮಾಜಿಕ ಜಾಲತಾಣದಲ್ಲಿ ಸಂತೋಷಪಟ್ಟು, ಮುಂದಿನ ಸರದಿ ಮೈಸೂರಿನ ಲೇಖಕ ಕೆ.ಎಸ್. ಭಗವಾನ್ ಅವರದೆಂದು ಬರೆದನು. ಧಾರವಾಡದ ಗುಂಡಿನ ಸದ್ದು ಹೀಗೆ ನಮ್ಮ ಜಿಲ್ಲೆಯ ಒಂದು ಮನೆಯ ಬಾಗಿಲಿಗೂ ಬಂದಿತು. ಆ ಮನೆಗೆ ಪೊಲೀಸ್ ಕಾವಲು ಬೇಕಾಯಿತು.

ಎರಡು ವರ್ಷಗಳ ನಂತರ, 2017ರ ಸೆಪ್ಟೆಂಬರ್ 5ರ ರಾತ್ರಿ, ಪತ್ರಿಕಾ ಸಂಪಾದಕಿ ಗೌರಿ ಲಂಕೇಶ್ ಬೆಂಗಳೂರಿನ ತಮ್ಮ ಮನೆಯ ಬಾಗಿಲಲ್ಲೇ ಹತರಾದರು. ಎರಡೂ ಹತ್ಯೆಗಳಲ್ಲಿ ಒಂದೇ ಪಿಸ್ತೂಲು ಬಳಕೆಯಾಗಿದೆಯೆಂದು ವಿಧಿವಿಜ್ಞಾನ ಪರೀಕ್ಷೆಯ ಆಧಾರದ ಮೇಲೆ ತನಿಖಾ ತಂಡ ಹೇಳಿತು. ಆಗಲೂ ಒಂದೆಡೆ ‘ನಾನೂ ಗೌರಿ’ ಎಂಬ ಫಲಕ ಹಿಡಿದ ಜನಸಾಗರ, ಮತ್ತೊಂದೆಡೆ ಮೃತಳನ್ನು ಹೀನ ಮಾತುಗಳಲ್ಲಿ ನಿಂದಿಸಿದವರ ಸಂತೋಷ. ತನಿಖೆ ಮೊದಲಾಗುವ ಮುನ್ನವೇ ಕೊಂದವರು ಬಲಪಂಥೀಯರೆಂದು ಕೆಲವರೂ ನಕ್ಸಲರೆಂದು ಕೆಲವರೂ ತೀರ್ಪು ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ ಆರೋಪಿಗಳಿಬ್ಬರು ಜಾಮೀನಿನ ಮೇಲೆ ಹೊರಬಂದಾಗ ವಿಜಯಪುರದಲ್ಲಿ ಅವರಿಗೆ ಹಾರ ಹಾಕಿ ಸ್ವಾಗತಿಸಲಾಯಿತು. ಅಪರಾಧ ಸಿದ್ಧವಾಗುವವರೆಗೆ ಆರೋಪಿಯು ಅಪರಾಧಿಯಲ್ಲ. ಜಾಮೀನು ಅವನ ಹಕ್ಕು. ಆದರೆ ಹಾರ ಯಾವುದಕ್ಕೆ? ನಿರಪರಾಧಿಯೆಂದು ನಂಬಿದವರು ವಕೀಲನನ್ನು ನೇಮಿಸಿದರೆ ಸಾಕಿತ್ತು. ಕೊಲೆಯ ಆರೋಪವನ್ನೇ ಕೀರ್ತಿಯೆಂದು ತಿಳಿದಾಗ ಮಾತ್ರ ಹಾರ ಬೇಕಾಗುತ್ತದೆ.

ಈ ಹಾರವನ್ನು, ಆ ಸಂತೋಷವನ್ನು ತೂಗಲು ನಮ್ಮಲ್ಲಿ ಹಳೆಯದೊಂದು ತಕ್ಕಡಿಯಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪಾಪಾಸ್ರವದ ದ್ವಾರಗಳನ್ನು ಎಣಿಸುತ್ತಾರೆ. ಸಂಕಲ್ಪಿಸುವುದು, ಸಿದ್ಧತೆ ಮಾಡುವುದು, ತೊಡಗುವುದು ಎಂಬ ಮೂರು; ಮನ, ವಚನ, ಕಾಯಗಳೆಂಬ ಮೂರು; ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಮೂರು; ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಅವುಗಳಲ್ಲಿ 36 ಭೇದಗಳು ಕೇವಲ ಮೆಚ್ಚುವುದಕ್ಕೆ, ಅಂದರೆ ಅನುಮತಕ್ಕೆ, ಸೇರಿದವು. ಕೊಲೆಗಾರನ ಮುಖವನ್ನು ಕಾಣದವನೂ, ಆಯುಧವನ್ನು ಮುಟ್ಟದವನೂ, ದೂರದ ಹುಣಸೂರಿನಲ್ಲಿ ಪತ್ರಿಕೆ ಓದುತ್ತ ‘ಆದದ್ದು ಒಳ್ಳೆಯದಾಯಿತು’ ಎಂದು ಒಳಗೊಳಗೇ ಅಂದುಕೊಂಡರೆ, ಆ ಲೆಕ್ಕದಲ್ಲಿ ಅವನಿಗೂ ಒಂದು ಸ್ಥಾನವಿದೆ.

‘ಕೊಲೆ ತಪ್ಪು, ಆದರೆ ಅವರು ಹಾಗೆ ಬರೆಯಬಾರದಿತ್ತು’ ಎಂಬ ಮಾತನ್ನೂ ನಾವು ಅನೇಕ ಕಡೆ ಕೇಳಿದ್ದೇವೆ. ಮೇಲ್ನೋಟಕ್ಕೆ ಸಮತೋಲನದ ಮಾತು. ಬರಹವನ್ನು ಖಂಡಿಸಲು ಬದುಕಿರುವ ಕಾಲವೆಲ್ಲ ಅವಕಾಶವಿತ್ತು. ಲೇಖನಕ್ಕೆ ಲೇಖನ, ಆಧಾರಕ್ಕೆ ಆಧಾರ ಕೊಡಬಹುದಿತ್ತು. ಉತ್ತರಿಸಲು ವ್ಯಕ್ತಿ ಇಲ್ಲದ ಮೇಲೆ ಸೇರಿಸುವ ಆ ‘ಆದರೆ’ ಖಂಡನೆಯಲ್ಲ, ಕೊಲೆಗೆ ಕೊಡುವ ಕಾರಣ. ಅದೂ ಅನುಮತದ ಒಂದು ಸೌಮ್ಯ ರೂಪ.

ಹಾಗಾದರೆ ನಾವು ಮಾಡಬಹುದಾದುದೇನು? ಬಸದಿಯ ಟ್ರಸ್ಟುಗಳು ರಾಜಕೀಯ ಪಕ್ಷಗಳಂತೆ ಹೇಳಿಕೆ ಕೊಡಬೇಕಾಗಿಲ್ಲ. ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಉತ್ತಮ ಕ್ಷಮೆಯನ್ನೂ ಉತ್ತಮ ಸತ್ಯವನ್ನೂ ವಿವರಿಸುವಾಗ, ನಂಜನಗೂಡಿನ ಜಂಗಮರನ್ನೂ ವಿಶಾಲಾಕ್ಷ ಪಂಡಿತನನ್ನೂ ಒಂದೇ ಉಸಿರಿನಲ್ಲಿ ಸ್ಮರಿಸಬಹುದು. ಪಾಠಶಾಲೆಯ ಮಕ್ಕಳಿಗೆ ಜಪಮಾಲೆಯ 108 ಮಣಿಗಳ ಲೆಕ್ಕ ಹೇಳುವಾಗ ಅನುಮತದ 36ನ್ನು ಬಿಡದೆ ಹೇಳಬಹುದು. ಮನೆಯ ಜಗುಲಿಯಲ್ಲಿ ಯಾರಾದರೂ ಕೊಲೆಯ ಸುದ್ದಿಗೆ ನಕ್ಕಾಗ, ಹಿರಿಯರು ‘ಸಾಕು’ ಎನ್ನಬಹುದು. ನಮ್ಮ ಒಪ್ಪಿಗೆಯನ್ನು ನಿರೀಕ್ಷಿಸಿ ಬಂದ ಹಿಂಸೆಗೆ ಅದನ್ನು ಕೊಡದಿರುವುದು ಶ್ರಾವಕನ ಅಣುವ್ರತಕ್ಕೆ ಸೇರಿದ ಕೆಲಸ.